ಕಾಮಣಿ ಔಷಧದ ರವಿವಾರ

ಬೆಳಗಾವಿ
9 ಜೂನ್ 2025

ಜಿಲಾನಸಾಬ ಕಾಕಾ ಅವರಿಗೆ,

ನಮಸ್ಕಾರ. ನಾನು ಅನುಷಾ, ಶ್ರೀರಾಮನಗರದ ದುರುಗಪ್ಪನ ಮಗಳು. ಹೆಸರು ನೋಡಿದ ಕೂಡಲೇ ಪತ್ರ ಮಡಚಿ ಇಟ್ಟುಬಿಡಬೇಡಿ. ಅವ್ವ ಹೋದಾಗಿನಿಂದ, ಅಂದರೆ ಮೂರು ವರ್ಷದಿಂದ, ನಮ್ಮ ಎರಡು ಮನೆಗಳ ನಡುವೆ ಮಾತಿಲ್ಲ. ಈ ಪತ್ರ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ಫೋನು ನಿಮಗೆ ಕೇಳಿಸುವುದಿಲ್ಲ ಎಂದು ನೆನಪಿದ್ದರಿಂದ ಅಂಚೆಗೆ ಹಾಕುತ್ತಿದ್ದೇನೆ.

ನಾನೀಗ ಇಲ್ಲಿ ಔಷಧ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೈಯಲ್ಲಿ ದೊಡ್ಡ ಸೋಂಕು ಎದ್ದು ರಕ್ತಕ್ಕೆ ಸೇರಿದಾಗ ಲಿವರ್ ಬೇಗ ಕೈಕೊಡುತ್ತದೆ. ಗಿಡಗಳಿಂದ ತೆಗೆದ ಅಂಶಗಳು ಆ ಹೊತ್ತಿನಲ್ಲಿ ಲಿವರನ್ನು ಎಷ್ಟರಮಟ್ಟಿಗೆ ಕಾಯಬಲ್ಲವು ಎಂಬುದು ನನ್ನ ವಿಷಯ. ನೀವು ಕಾಮಾಲೆಗೆ, ನಮ್ಮ ಕಡೆಯ ಕಾಮಣಿಗೆ, ರವಿವಾರ ಕೊಡುವ ಗಿಡವನ್ನೂ ಪರೀಕ್ಷೆಗೆ ಸೇರಿಸಬೇಕೆಂದಿದ್ದೇನೆ. ಒಂದೇ ಗಿಡ ಬೇರೆ ಬೇರೆ ಮಣ್ಣಿನಲ್ಲಿ ಬೇರೆ ಬೇರೆ ಗುಣ ತೋರಿಸುತ್ತದೆ. ನನಗೆ ಇರಕಲ್ಲಗಡದ ಗುಡ್ಡದ್ದೇ ಬೇಕು.

ಬೇರು ಸಮೇತ ಕಿತ್ತು, ನೆರಳಲ್ಲಿ ಒಣಗಿಸಿದ ಒಂದು ಕಿಲೋ ಗಿಡ ಕಳಿಸಲು ಆಗುತ್ತದೆಯೇ? ಆಗದಿದ್ದರೆ ಹಾಗೆಂದು ಎರಡು ಸಾಲು ಬರೆಯಿರಿ, ಸಾಕು.

ಇಂತಿ,
ಅನುಷಾ

~

ಇರಕಲ್ಲಗಡ
22 ಜೂನ್ 2025, ರವಿವಾರ

ಮಗಳೇ ಅನುಷಾ,

ಪೋಸ್ಟಮನ್ ಯಮನೂರಸಾಬ ಬಾಗಿಲಲ್ಲಿ ನಿಂತು ಕೈ ಬೀಸಿದ. ವೋಟರ್ ಪಟ್ಟಿಯ ಕಾಗದವೇನೋ ಇರಬೇಕೆಂದು ನಾನು ಹೊಲಿಗೆ ಮಿಷನ್ನಿನ ಮುಂದಿನಿಂದ ಏಳಲಿಲ್ಲ. ಸಾಲೆ ಸುರುವಾಗಿ ಊರಿನ ಹುಡುಗರ ಚಡ್ಡಿಗಳೆಲ್ಲ ನನ್ನ ತಲೆಯ ಮೇಲೆ ಕೂತಿವೆ. ನಿನ್ನ ಕಾಕಿ ರಾಜಾಬೀ ತೆಗೆದುಕೊಂಡು ಬಂದು ತೊಡೆಯ ಮೇಲೆ ಇಟ್ಟಳು. ದುರುಗಪ್ಪ ಎಂಬ ಹೆಸರು ನೋಡಿ, ಮಡಚಿ ಇಡುವುದು ಹಾಗಿರಲಿ, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ.

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ನಿನ್ನಪ್ಪನೂ ನಾನೂ ಇಪ್ಪತ್ತೆರಡು ವರ್ಷ ಒಂದೇ ಪಾಳಿ ಮಾಡಿದೆವು. ನಾನು ಯಂತ್ರದ ಬಾಯಲ್ಲಿ, ಅವನು ಚೀಲದ ಕಡೆ. ಗಿರಣಿ ನನ್ನ ಕಿವಿ ಇಟ್ಟುಕೊಂಡು ನನ್ನನ್ನು ಮನೆಗೆ ಕಳಿಸಿತು. ಆ ಸದ್ದಿನಲ್ಲಿ ನಮ್ಮದು ಕೈಸನ್ನೆಯ ಮಾತು. ಹಸಿವು, ನೀರು, ಮುಕಾದಮ ಬಂದ, ನಿನ್ನ ಹೆಂಡತಿ ಬುತ್ತಿ ಛಲೋ ಕಟ್ಟ್ಯಾಳ, ಎಲ್ಲಕ್ಕೂ ಸನ್ನೆ ಇತ್ತು. ಕಿವಿ ಹೋದ ಮೇಲೆ ನನ್ನ ಜೊತೆ ಸಲೀಸಾಗಿ ಮಾತಾಡುತ್ತಿದ್ದವನು ಅವನೊಬ್ಬನೇ. ಮಿಕ್ಕವರು ನನ್ನ ಮುಂದೆ ಬಾಯಿ ದೊಡ್ಡದು ಮಾಡಿ ಒದರುತ್ತಾರೆ, ಆಮೇಲೆ ಬೇಸತ್ತು ಹೋಗುತ್ತಾರೆ.

ಗಿಡ ಈಗ ಇಲ್ಲ. ಆರಿದ್ರಾ ಮಳೆ ಒಂದೆರಡು ಹದ ಸುರಿದರೆ ಹದಿನೈದು ದಿನಕ್ಕೆ ಏಳುತ್ತದೆ, ಕಳಿಸುತ್ತೇನೆ. ನನ್ನ ತಾಯಿ ಬಾಷಾಬಿ ಈ ವಿದ್ಯೆ ಕೊಡುವಾಗ ಮೂರು ಮಾತು ತೆಗೆದುಕೊಂಡಿದ್ದಳು. ದುಡ್ಡು ಮುಟ್ಟಬಾರದು. ಗಿಡದ ಹೆಸರು ಹೇಳಬಾರದು. ಬಂದವರನ್ನು ಏನೂ ಕೇಳಬಾರದು. ಯಾವ ಊರು, ಯಾವ ಜಾತಿ, ಎಷ್ಟು ದಿನದಿಂದ, ಏನು ತಿಂದಿ, ಒಂದೂ ಇಲ್ಲ. ಕಣ್ಣು ನೋಡು, ಹಳದಿ ಇದ್ದರೆ ಮಜ್ಜಿಗೆಯಲ್ಲಿ ಕೊಡು. ಅದಕ್ಕೇ ಹೆಸರು ಬರೆದಿಲ್ಲ. ನೀನೇ ನೋಡಿ ತಿಳಿದುಕೋ.

ಗಿಡ ಕಳಿಸುವುದಕ್ಕೆ ನಾನೂ ಒಂದು ಕೇಳುತ್ತೇನೆ. ನಿನ್ನವ್ವ ಮುದಕಮ್ಮ ಔಷಧಕ್ಕೆ ಬಂದ ಆ ರವಿವಾರ ನಾನು ತಲೆ ಬಗ್ಗಿಸಿ ಎಲೆ ಅರೆಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಆಕೆಯ ತುಟಿಗಳು ಆಡಿ ನಿಂತಿದ್ದವು. ಏನೋ ಕೇಳಿ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಎಂದು ತಲೆ ಆಡಿಸಿದೆ. ಆಕೆ ಕೇಳಿದ್ದೇನು? ನೀನು ಪಕ್ಕದಲ್ಲೇ ನಿಂತಿದ್ದೆ. ಹನ್ನೊಂದನೆಯ ದಿನ ಆಕೆ ತೀರಿಕೊಂಡಳೆಂದು ಗೊತ್ತಾದಾಗಿನಿಂದ ನಾನು ಯಾವುದಕ್ಕೆ ಹೂಂ ಅಂದೆ ಎಂದು ತಿಳಿಯದೆ ಬದುಕುತ್ತಿದ್ದೇನೆ.

ನಿನ್ನ ಕಾಕಾ,
ಜಿಲಾನಸಾಬ

~

ಬೆಳಗಾವಿ
20 ಜುಲೈ 2025

ಪ್ರೀತಿಯ ಕಾಕಾ,

ಪಾರ್ಸೆಲ್ ಬಂತು. ಬಿಚ್ಚಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಮೇಷ್ಟ್ರ ಪುಸ್ತಕದಲ್ಲಿ ಮೂರನೆಯ ಪುಟದಲ್ಲೇ ಇರುವ ಗಿಡ. ಹೆಸರು ನಾನೂ ಇಲ್ಲಿ ಬರೆಯುವುದಿಲ್ಲ, ಬಾಷಾಬಿ ಅಜ್ಜಿಗೆ ಕೊಟ್ಟ ಮಾತು ನನ್ನಿಂದ ಮುರಿಯುವುದು ಬೇಡ. ಬೇರಿನ ಮಣ್ಣನ್ನು ನೀವು ಬ್ರಷ್ಷಿನಿಂದ ಒರೆಸಿದ್ದೀರಿ. ಅಷ್ಟು ಚೊಕ್ಕ ಯಾರೂ ಕಳಿಸಿರಲಿಲ್ಲ.

ಕೆಲಸ ಸುರುವಾಗಿದೆ. ಗಿಡವನ್ನು ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಅದರ ಅಂಶ ತೆಗೆದಿದ್ದೇನೆ. ಅದನ್ನು ಬಿಳಿ ಇಲಿಗಳಿಗೆ ಕೊಡುತ್ತೇನೆ. ಎಂಟೆಂಟರ ಗುಂಪು. ಎಲ್ಲಕ್ಕೂ ಸೋಂಕು ಹತ್ತಿಸಿ, ಒಂದು ಗುಂಪಿಗೆ ಏನೂ ಕೊಡದೆ, ಒಂದಕ್ಕೆ ನಿಮ್ಮ ಗಿಡ, ಒಂದಕ್ಕೆ ಸೋಂಕು ಕೊಲ್ಲುವ ಮಾತ್ರೆಯ ಮದ್ದು, ಒಂದಕ್ಕೆ ಎರಡೂ. ಬರೆಯುವಾಗಲೇ ಕೈ ಹಿಂಜರಿಯುತ್ತದೆ, ಮಾಡುವಾಗ ಹೇಗಿರುತ್ತದೆ ಎಂದು ನೀವೇ ತಿಳಿದುಕೊಳ್ಳಿ. ಬೆಳಗ್ಗೆ ಒಳಗೆ ಹೋದರೆ ಸಂಜೆಯವರೆಗೆ ಮುಖಕ್ಕೆ ಬಟ್ಟೆ, ಕೈಗೆ ರಬ್ಬರು, ಕಿಟಕಿಯಿಲ್ಲದ ಕೋಣೆ. ಎಷ್ಟೋ ದಿನ ನಾನು ಮಾತಾಡಿದ್ದು ಇಲಿಗಳ ಜೊತೆ ಮಾತ್ರ ಎಂದು ರಾತ್ರಿ ನಾನಿರುವ ಕೋಣೆಗೆ ಬಂದು ಬೀಗ ತೆಗೆಯುವಾಗ ಗೊತ್ತಾಗುತ್ತದೆ. ಅಪ್ಪ ರವಿವಾರ ಫೋನು ಮಾಡುತ್ತಾನೆ. ಉಂಡೆಯಾ, ಉಂಡೆ. ಮಳೆ ಐತಾ, ಐತಿ. ಅಷ್ಟಕ್ಕೆ ಮುಗಿಯುತ್ತದೆ.

ಅವ್ವನಿಗೆ ಬಂದದ್ದು ಬರೀ ಕಾಮಣಿ ಅಲ್ಲ ಕಾಕಾ. ನಾಟಿ ಹಚ್ಚುವ ಗದ್ದೆಯ ನೀರಿನಲ್ಲಿ ಇಲಿಯ ಉಚ್ಚೆ ಸೇರಿರುತ್ತದೆ. ಕಾಲಿನ ಒಡಕಿನಿಂದ ಸೋಂಕು ಒಳಗೆ ಹೋಗುತ್ತದೆ. ಮೊದಲು ಜ್ವರ, ಮೀನಖಂಡದ ನೋವು, ಆಮೇಲೆ ಕಣ್ಣು ಹಳದಿ. ಇಲಿಜ್ವರ ಅನ್ನುತ್ತಾರೆ. ಹಳದಿ ಅದರ ಬಾಲ ಅಷ್ಟೇ, ರೋಗ ಬೇರೆ. ನಿಮಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಅವ್ವ ಅವತ್ತು ಏನು ಕೇಳಿದಳೋ ನನಗೆ ಸರಿಯಾಗಿ ನೆನಪಿಲ್ಲ. ಜನ ಭಾಳ ಇದ್ದರು.

ನಿಮ್ಮ,
ಅನುಷಾ

~

ಇರಕಲ್ಲಗಡ
10 ಆಗಸ್ಟ್ 2025, ರವಿವಾರ

ಮಗಳೇ,

ಇಲಿಯಿಂದ ಬಂದ ಜ್ವರ, ಇಲಿಗೇ ನನ್ನ ಔಷಧ. ರಾಜಾಬೀಗೆ ಓದಿ ಹೇಳಿದರೆ ಆಕೆ ನಗಲಿಲ್ಲ, ನಾನೂ ನಗಲಿಲ್ಲ. ಇಲಿಗಳಿಗೆ ಪಥ್ಯವೇನು ಎಂದು ಕೇಳಿದಳು. ನಮ್ಮಲ್ಲಿ ಔಷಧ ತೆಗೆದುಕೊಂಡವರಿಗೆ ಮೂರು ರವಿವಾರ ಉಪ್ಪಿಲ್ಲ, ಎಣ್ಣೆಯಿಲ್ಲ, ದವಾಖಾನೆಯ ಸೂಜಿ ಮುಟ್ಟಿಸುವಂತಿಲ್ಲ. ಸೂಜಿಯ ಮಾತು ನಮ್ಮವ್ವನದಲ್ಲ, ಜನ ತಾವೇ ಸೇರಿಸಿಕೊಂಡದ್ದು. ನಾನು ಬೇಡ ಅನ್ನಲಿಲ್ಲ.

ನಿನಗೆ ನೆನಪಿಲ್ಲ ಎಂದು ಬರೆದಿದ್ದೀ. ಜನ ಭಾಳ ಇದ್ದರು ಅಂತಲೂ ಬರೆದಿದ್ದೀ. ಆವತ್ತು ಜನ ಇರಲಿಲ್ಲ ಮಗಳೇ. ಎದ್ದ ಕೂಡಲೇ ಸುರಿದ ಮಳೆಗೆ ಯಾರೂ ಬಂದಿರಲಿಲ್ಲ. ನೀವಿಬ್ಬರೇ ಬಂದಿದ್ದಿರಿ, ನಿನ್ನವ್ವನ ಸೆರಗಿನಿಂದ ನೀರು ಇಳಿಯುತ್ತಿತ್ತು.

ನಾನು ಮೊದಲು ನನ್ನದು ಹೇಳುತ್ತೇನೆ, ಆಮೇಲೆ ನಿನಗೆ ನೆನಪಾದರೆ ಆಗಲಿ. ಏನೂ ಕೇಳಬಾರದು ಎಂಬ ಮಾತು ನಮ್ಮವ್ವನದು, ನಿಜ. ಬಡವರು, ಮುಸುಕು ಹಾಕಿಕೊಂಡು ಬಂದವರು ನಾಚಬಾರದು ಎಂದು ಆಕೆ ಇಟ್ಟುಕೊಂಡಿದ್ದಳು. ಕಿವಿ ಹೋದ ಮೇಲೆ ಆ ಮಾತು ನನಗೆ ಭಾಳ ಅನುಕೂಲವಾಯಿತು. ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಲ್ಲ. ಜನ ಹೇಳುವುದು, ನಾನು ಹೂಂ ಅನ್ನುವುದು. ಏನೂ ಕೇಳದೆ ರೋಗ ಕಂಡುಹಿಡಿಯುತ್ತಾನೆ, ದೊಡ್ಡ ಮನುಷ್ಯ ಎಂದು ಯಲಬುರ್ಗಾದ ತನಕ ಹೆಸರಾಯಿತು. ಕಿವುಡನೆಂದು ಹೇಳಿಕೊಳ್ಳಲು ನಾಚಿಕೆಯಾಗಿ ನಾನು ಆ ಹೆಸರಿನ ಹಿಂದೆ ಕೂತುಬಿಟ್ಟೆ.

ಆಕೆಯನ್ನು ಮಣ್ಣು ಮಾಡಿದ ಮೂರನೆಯ ದಿನ ದುರುಗಪ್ಪ ಬಂದ. ಅಂಗಳದಲ್ಲಿ ನಿಂತು ಎಷ್ಟೋ ಹೊತ್ತು ಒದರಿದ. ಸಿಟ್ಟಿನಲ್ಲಿ ತುಟಿ ನೆಟ್ಟಗೆ ಆಡದೆ ನನಗೆ ಒಂದಕ್ಷರ ತಿಳಿಯಲಿಲ್ಲ. ಅವನಿಗೂ ಅದು ಗೊತ್ತಾಯಿತು. ಕೊನೆಗೆ ಎರಡೂ ಮುಂಗೈ ಅಡ್ಡಡ್ಡ ಇಟ್ಟು ತೋರಿಸಿದ. ಗಿರಣಿಯಲ್ಲಿ ಯಂತ್ರ ಬಂದ್ ಮಾಡು ಅನ್ನುವುದಕ್ಕೆ ಆ ಸನ್ನೆ. ತೋರಿಸಿ ನಡೆದುಬಿಟ್ಟ. ಬೇರೆ ಯಾರು ಬೈದರೂ ನಾನು ತಡೆದುಕೊಳ್ಳುತ್ತಿದ್ದೆ.

ಆ ವರ್ಷ ನಾನು ಔಷಧ ನಿಲ್ಲಿಸಿದ್ದೆ. ಯಲಬುರ್ಗಾ ಕಡೆಯ ಹುಲಿಗವ್ವ ಎಂಬಾಕೆ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಮಧ್ಯಾಹ್ನದವರೆಗೆ ಹೊಸ್ತಿಲ ಮೇಲೆ ಕೂತಳು. ಕೊಟ್ಟೆ. ಮತ್ತೆ ಸುರುವಾಯಿತು. ಈಗ ಪ್ರತಿ ರವಿವಾರ ಅವರ ತುಟಿ ನೋಡುತ್ತಾ ಅಂಜಿಕೊಂಡೇ ಕೊಡುತ್ತೇನೆ.

ಜಿಲಾನಸಾಬ

~

ಬೆಳಗಾವಿ
5 ಅಕ್ಟೋಬರ್ 2025

ಪ್ರೀತಿಯ ಕಾಕಾ,

ತಡವಾಯಿತು, ಕ್ಷಮಿಸಿ. ಮೊದಲ ಸುತ್ತಿನ ಫಲಿತಾಂಶ ಬಂದಿದೆ, ಅದನ್ನೇ ಬರೆಯುತ್ತೇನೆ.

ಏನೂ ಕೊಡದ ಇಲಿಗಳು ನಾಲ್ಕು ದಿನದೊಳಗೆ ಹೋದವು. ಬರೀ ನಿಮ್ಮ ಗಿಡ ಕೊಟ್ಟವು ಒಂದು ದಿನ ಹೆಚ್ಚು ಬದುಕಿ, ಅವೂ ಹೋದವು. ಕೊಯ್ದು ನೋಡಿದರೆ ಅವುಗಳ ಲಿವರ್ ಎಷ್ಟೋ ವಾಸಿ ಇತ್ತು. ಲಿವರ್ ಚೆನ್ನಾಗಿತ್ತು, ಇಲಿ ಸತ್ತಿತ್ತು. ಆ ಸಂಜೆ ನಾನು ಅದನ್ನು ವಹಿಯಲ್ಲಿ ಹಾಗೇ ಬರೆದೆ. ಮಾತ್ರೆಯ ಮದ್ದು ಕೊಟ್ಟವುಗಳಲ್ಲಿ ಐದು ಉಳಿದವು. ಎರಡೂ ಕೊಟ್ಟವುಗಳಲ್ಲಿ ಏಳು. ಆಮೇಲೆ ಸೇರಿಸಿದ ಇನ್ನೆರಡು ಗುಂಪಿಗೆ ಮದ್ದನ್ನು ತಡಮಾಡಿ ಕೊಟ್ಟಾಗ, ಗಿಡ ಇದ್ದರೂ ಉಳಿಯಲಿಲ್ಲ, ಇಲ್ಲದಿದ್ದರೂ ಉಳಿಯಲಿಲ್ಲ.

ಎಂಟೆಂಟು ಇಲಿಗಳ ಮಾತನ್ನು ಮನುಷ್ಯರಿಗೆ ಹಚ್ಚಬೇಡ ಎಂದು ಮೇಷ್ಟ್ರು ಬೈದರು. ಸರಿಯೇ. ಆದರೂ ನಿಮಗೆ ಹೇಳುತ್ತೇನೆ: ನಿಮ್ಮ ಔಷಧ ಅವ್ವನನ್ನು ಕೊಲ್ಲಲಿಲ್ಲ. ಅದು ವಿಷವಲ್ಲ. ದವಾಖಾನೆಗೆ ಹೋಗದೆ ಕಳೆದ ದಿನಗಳು ಕೊಂದವು. ಇದನ್ನು ನಿಮಗೆ ಬರೆಯುವುದಕ್ಕೆಂದೇ ನಾನು ಈ ವಿಷಯ ಹಿಡಿದೆನೇನೋ ಅನಿಸುತ್ತದೆ. ಇನ್ನು ಮೇಲೆ ಅಂಜಬೇಡಿ.

ನಿಮ್ಮ,
ಅನುಷಾ

~

ಇರಕಲ್ಲಗಡ
12 ಅಕ್ಟೋಬರ್ 2025, ರವಿವಾರ

ಮಗಳೇ,

ಇಲಿಗಳ ಸುದ್ದಿ ತಿಳಿಯಿತು. ಉಳಿದ ಏಳಕ್ಕೆ ನನ್ನ ಸಲಾಮು ಹೇಳು.

ನಾನು ಕೇಳಿದ್ದು ಅದಲ್ಲ. ಔಷಧದ ಬಗ್ಗೆ ನಾನು ಕೇಳಲೇ ಇಲ್ಲ. ನನ್ನ ಹೂಂ ಬಗ್ಗೆ ಕೇಳಿದೆ.

ಜಿಲಾನಸಾಬ

~

ಬೆಳಗಾವಿ
9 ನವೆಂಬರ್ 2025

ಕಾಕಾ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಓದಿ ನೋಡದೆ ಅಂಚೆಗೆ ಹಾಕುತ್ತೇನೆ.

ಅವ್ವ ಕೇಳಿದ್ದು ಇದು: “ಅಣ್ಣಾ, ಮೈ ಭಾಳ ಸುಡಾಕತ್ತೈತಿ, ಕಾಲು ಎತ್ತಿಡಾಕ ಆಗವಲ್ದು. ದವಾಖಾನಿ ಬಿಟ್ಟು ಇದರಾಗ ಆರಾಮ ಆಕ್ಕತೇನು?” ನೀವು ತಲೆ ಎತ್ತಿ ಹೂಂ ಅಂದಿರಿ.

ಈಗ ಉಳಿದದ್ದು. ನಿಮಗೆ ಕೇಳಿಸಲಿಲ್ಲ ಎಂದು ನನಗೆ ಗೊತ್ತಿತ್ತು. ಕಾಕಾನಿಗೆ ಏನಾದರೂ ಹೇಳುವುದಿದ್ದರೆ ಎದುರಿಗೆ ನಿಂತು ಹೇಳಬೇಕು ಎಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ. ಅವ್ವ ಕೇಳುವಾಗ ನೀವು ಕಲ್ಲಿನ ಕಡೆ ಬಗ್ಗಿದ್ದಿರಿ. ಅವ್ವ ನನ್ನ ಕಡೆ ತಿರುಗಿ, ಅಣ್ಣಗ ಕೇಳಿಸ್ತಾ, ಮತ್ತೊಮ್ಮೆ ಹೇಳು ಅಂದಳು. ಹೂಂ ಅಂದರಲ್ಲ, ನಡಿ ಅಂದೆ. ಮಂಗಳವಾರ ನನ್ನ ಕೊನೆಯ ಸೆಮಿಸ್ಟರಿನ ಪರೀಕ್ಷೆ. ಗಂಗಾವತಿಯ ದವಾಖಾನೆಗೆ ಹೋದರೆ ಅಡ್ಮಿಟ್ ಅಂತಾರೆ, ಅಪ್ಪ ನಾಟಿ ಬಿಟ್ಟು ಬರುವುದಿಲ್ಲ, ಪಕ್ಕದಲ್ಲಿ ನಾನೇ ಕೂರಬೇಕು. ಅದಕ್ಕೇ ಅವ್ವನನ್ನು ನಾನೇ ಬಸ್ಸು ಹತ್ತಿಸಿ ನಿಮ್ಮಲ್ಲಿಗೆ ಕರೆತಂದದ್ದು. ಗದ್ದೆ, ಜ್ವರ, ಮೀನಖಂಡದ ನೋವು, ಹಳದಿ ಕಣ್ಣು, ಆ ಪಾಠ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬಂದಿತ್ತು ಕೂಡ. ನಾನು ಬರೆದೆ, ಪೂರ್ತಿ ಅಂಕ ಬಂತು.

ಪರೀಕ್ಷೆ ಮುಗಿಸಿ ಹೋಗುವಷ್ಟರಲ್ಲಿ ಅವ್ವನಿಗೆ ಉಚ್ಚೆ ನಿಂತಿತ್ತು. ದವಾಖಾನೆಯ ಬಾಗಿಲಲ್ಲಿ ಅಪ್ಪ ಕೇಳಿದ, ಇಷ್ಟು ದಿನ ಯಾರು ತಡದ್ರು ಅಂತ. ನಾನು ಹೇಳಿದೆ, “ಕಾಕಾ ಬ್ಯಾಡ ಅಂದ್ರು.” ಆ ಒಂದು ಮಾತು ಹಿಡಿದುಕೊಂಡು ಅಪ್ಪ ನಿಮ್ಮ ಅಂಗಳಕ್ಕೆ ಬಂದದ್ದು.

ಇಷ್ಟು ದಿನ ನಿಮ್ಮ ಔಷಧ ನಿರಪರಾಧಿ ಎಂದು ಇಲಿಗಳ ಕೈಲಿ ಸಾಕ್ಷಿ ಹೇಳಿಸಿದೆ. ನನ್ನ ಬಾಯಿಂದ ಹೇಳಬೇಕಾದದ್ದನ್ನು ಹೇಳಲಿಲ್ಲ. ನೀವು ಯಾರ ಮುಂದೆಯೂ, ಮಗಳೇ ಕರಕೊಂಡು ಬಂದಿದ್ದಳು ಎಂದು ಒಂದು ಸಲವೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಕಾಕಾ?

ಅನುಷಾ

~

ಇರಕಲ್ಲಗಡ
28 ಡಿಸೆಂಬರ್ 2025, ರವಿವಾರ

ಅನುಷಾ,

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಮೊದಲ ಹದಿನೈದು ದಿನ ನನಗೆ ನಿನ್ನ ಮೇಲೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ರಾಜಾಬೀಗೆ ಪತ್ರ ಓದಿ ಹೇಳಲಿಲ್ಲ. ಅನ್ನದ ಮುಂದೆ ಕೂತರೆ ನೀನು, ಮಿಷನ್ನಿನ ಮುಂದೆ ಕೂತರೆ ನೀನು. ಮೂರು ವರ್ಷ ನನ್ನ ಗೆಳೆಯನನ್ನು ಕಸಿದುಕೊಂಡು ಈಗ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳುತ್ತೀಯಲ್ಲ ಅನಿಸಿತು.

ಆಮೇಲೆ ಸಿಟ್ಟು ತಾನೇ ಇಳಿಯಿತು. ಯಾಕೆ ಹೇಳಲಿಲ್ಲ ಅಂದರೆ, ಹೇಳಹೋದರೆ ನನ್ನದೇ ತಪ್ಪು ದೊಡ್ಡದಾಗಿ ಕಾಣುತ್ತಿತ್ತು. ಕೇಳಿಸದೆ ಹೂಂ ಅಂದವನು ನಾನು. ನೀನು ಇಪ್ಪತ್ತೊಂದು ವರ್ಷದವಳು, ನಾನು ಐವತ್ತು ದಾಟಿದವನು. ನನಗೆ ಕೇಳಸಂಗಿಲ್ಲವ್ವಾ, ಮತ್ತೊಮ್ಮೆ ಹೇಳು ಎಂದು ಆಕೆಗೆ ಒಂದು ಮಾತು ಅಂದಿದ್ದರೆ ಸಾಕಿತ್ತು.

ಈಗ ಅನ್ನುತ್ತಿದ್ದೇನೆ. ಬಂದವರಿಗೆಲ್ಲ ಮೊದಲು ನಾನು ಕಿವುಡ ಎಂದು ಹೇಳಿ, ಏನಾಗುತ್ತದೆ ಎಂದು ಕೇಳುತ್ತೇನೆ. ಆಮೇಲೆ ಕಂಕುಳಲ್ಲಿ ಜ್ವರದ ಕಡ್ಡಿ ಇಡುತ್ತೇನೆ. ಅದಕ್ಕೆ ಕಿವಿ ಬೇಡ, ಕಣ್ಣು ಸಾಕು. ಜ್ವರ ಇದ್ದರೆ ಔಷಧ ಕೊಡುವುದಿಲ್ಲ. ಇವರಿಗೆ ಜ್ವರ ಮತ್ತು ಕಾಮಣಿ ಎರಡೂ ಅದಾವು, ರಕ್ತ ನೋಡಿರಿ ಎಂದು ಚೀಟಿ ಬರೆದು ಕೊಪ್ಪಳದ ಬಸ್ಸು ಹತ್ತಿಸುತ್ತೇನೆ. ಹೋದ ತಿಂಗಳು ಕಾರಟಗಿ ಕಡೆಯ ಒಬ್ಬ ಗದ್ದೆಯಾಳನ್ನು ಹಾಗೆ ಕಳಿಸಿದೆ. ಅವನು ಹಾದಿಯಲ್ಲಿ ಬೈದುಕೊಂಡೇ ಹೋದನಂತೆ. ಎಂಟು ದಿನಕ್ಕೆ ನಡೆದುಕೊಂಡು ಮನೆಗೆ ಬಂದನಂತೆ.

ಜನ ಕಡಿಮೆಯಾದರು. ಕೇಳಲು ಸುರು ಮಾಡಿದ ಮೇಲೆ ಇವನ ಕೈಗುಣ ಹೋಯಿತು ಅನ್ನುತ್ತಾರೆ. ಇವತ್ತು ಅರೆದಿಟ್ಟ ಎಲೆ ಹಾಗೇ ಒಣಗಿತು, ಯಾರೂ ಬರಲಿಲ್ಲ. ರವಿವಾರ ಅಂಗಳ ಖಾಲಿ ನೋಡುವುದು ನನಗೆ ರೂಢಿ ಇಲ್ಲ, ಸಂಕಟವಾಗುತ್ತದೆ.

ಒಂದು ಮಾತು ಕೇಳು. ನಿನ್ನಪ್ಪನಿಗೆ ಇದನ್ನು ಹೇಳಬೇಡ. ನನಗೆ ರಾಜಾಬೀ ಇದ್ದಾಳೆ, ಕುಷ್ಟಗಿಯಲ್ಲಿ ಮಗಳು ಖುಷ್ಬು ಇದ್ದಾಳೆ. ದುರುಗಪ್ಪನಿಗೆ ನೀನೊಬ್ಬಳೇ. ನನ್ನ ಮೇಲಿನ ಸಿಟ್ಟು ಅವನಿಗೆ ಹಳೆಯದು, ಹೊತ್ತುಕೊಂಡು ಹೋಗುತ್ತಾನೆ. ನಿನ್ನ ಮೇಲಿನದನ್ನು ಹೊರಲಾರ.

ಜಿಲಾನಸಾಬ ಕಾಕಾ

~

ಬೆಳಗಾವಿ
21 ಜನವರಿ 2026

ಕಾಕಾ,

ಹೇಳಿದೆ. ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಪ್ಪ ಎರಡನೆಯ ಬೆಳೆಯ ಸಸಿ ಕಿತ್ತು ಬಂದು ಉಣ್ಣಲು ಕೂತಿದ್ದ. ಎದುರಿಗೆ ಕೂತು, ನಿಮಗೆ ಬರೆದದ್ದಷ್ಟನ್ನೂ ಬಾಯಿಬಿಟ್ಟು ಹೇಳಿದೆ. ಅಪ್ಪ ತುತ್ತು ಕೆಳಗಿಡಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದು, ಹೊರಗೆ ಹೋದ. ಆಮೇಲೆ ಎರಡು ದಿನ ಕತ್ತಲಾಗುವ ತನಕ ಗದ್ದೆಯಲ್ಲೇ ಇದ್ದ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಮೂರನೆಯ ದಿನ ಬಸ್ ಸ್ಟ್ಯಾಂಡಿನವರೆಗೆ ಬಂದು ನನ್ನ ಬ್ಯಾಗು ಮೇಲಿಟ್ಟ. ರಸ್ತೆ ಕಡೆ ನೋಡುತ್ತ ಅಂದ, “ಇಪ್ಪತ್ತೈದರ ಐತವಾರ ಇರಕಲ್ಲಗಡಕ್ಕ ಹೊಂಟೀನಿ.” ನನ್ನ ಜೊತೆ ಆಡಿದ್ದು ಅದೊಂದೇ ಮಾತು. ಮೊನ್ನೆ ರವಿವಾರ ನನಗೆ ಫೋನು ಬರಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ.

ಎರಡನೆಯ ಸುತ್ತಿನ ಇಲಿಗಳು ಬಂದಿವೆ. ನಾಳೆಯಿಂದ ಬೆಳಗ್ಗೆ ಆರಕ್ಕೇ ಒಳಗೆ ಹೋಗಬೇಕು.

ಅಪ್ಪ ಈ ಇಪ್ಪತ್ತೈದರ ರವಿವಾರ ನಿಮ್ಮಲ್ಲಿ ಇರುತ್ತಾನೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಬರಬೇಕು, ಹತ್ತು ಗಂಟೆ ಆಗಬಹುದು. ಕಾಕಿಗೆ ಹೇಳಿ ಸಾರಿಗೆ ಖಾರ ಕಡಿಮೆ ಹಾಕಿಸಿ, ಅವನಿಗೆ ಈಗ ಹೊಟ್ಟೆಗೆ ಆಗುವುದಿಲ್ಲ. ಉಣಿಸಿಯೇ ಕಳಿಸಿರಿ. ನನ್ನ ಪರವಾಗಿ ಏನೂ ಹೇಳಬೇಡಿ ಕಾಕಾ. ನನ್ನ ಹೆಸರು ತೆಗೆದರೆ ಎದ್ದು ಹೊರಟುಬಿಡುತ್ತಾನೆ.

ಅನುಷಾ